ಎಡಗಿವಿಯ ಮೇಲೆ ನಾಲ್ಕು ಬೆರಳು

ಬಾಗಲಕೋಟೆ
14-6-1982

ರೇಣಕ್ಕನವರಿಗೆ ಬಂಡೆಪ್ಪನ ನಮಸ್ಕಾರ.

ಆರು ವರ್ಷದ ಮೇಲೆ ನನ್ನ ಅಕ್ಷರ ಕಂಡು ನೀವು ಈ ಕಾಗದವನ್ನು ಓದದೆಯೇ ಒಲೆಗೆ ಹಾಕಬಹುದು. ಹಾಕುವ ಮುನ್ನ ಇಷ್ಟು ಓದಿ.

ನಾನೀಗ ಇಲ್ಲಿಯ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ. ನಿಮ್ಮ ತಮ್ಮ ಕಾಳಪ್ಪ ಬಿದ್ದ ವರ್ಷ ನಿಂತುಹೋದ ಹುನಗುಂದ–ಬಾಗಲಕೋಟೆ ಸೈಕಲ್ ರೇಸನ್ನು ನಮ್ಮ ಯುವಕ ಸಂಘದವರು ಈ ರಾಜ್ಯೋತ್ಸವಕ್ಕೆ ಮತ್ತೆ ಹಚ್ಚಬೇಕೆಂದಿದ್ದಾರೆ. ನಡೆಸಿಕೊಡುವ ಕೆಲಸ ನನಗೆ ಒಪ್ಪಿಸಿದ್ದಾರೆ. ನಾನು ಒಂದೇ ಷರತ್ತು ಹಾಕಿದ್ದೇನೆ: ತಲೆಗೆ ಹೆಲ್ಮೆಟ್ ಇಲ್ಲದವನಿಗೆ ನಂಬರ್ ಚೀಟಿ ಇಲ್ಲ.

ಹೋದ ವರ್ಷ ಪುಣೆಗೆ ತರಬೇತಿಗೆಂದು ಹೋದಾಗ ಅಲ್ಲಿಯ ರೇಸಿನವರು ಹಾಕಿಕೊಳ್ಳುವುದನ್ನು ನೋಡಿದೆ. ಮೋಟಾರ್ ಸೈಕಲ್ಲಿನವರ ಗಟ್ಟಿ ಬುರುಡೆಯಂಥದಲ್ಲ. ಹೆಬ್ಬೆರಳು ದಪ್ಪದ ಚರ್ಮದ ಪಟ್ಟಿಗಳು, ಒಳಗೆ ಅರಳೆ ತುಂಬಿದ್ದು. ತಲೆಯ ಮೇಲೆ ಹಣೆಯಿಂದ ಹಿಂದಕ್ಕೆ ಸಾಲಾಗಿ ಕೂಡುತ್ತವೆ, ನಡುವೆ ಗಾಳಿ ಆಡುತ್ತದೆ, ಗದ್ದದ ಕೆಳಗೆ ಬಕ್ಕಲ್. ಅಲ್ಲಿಂದ ತರಿಸುವುದು ನಮ್ಮಿಂದ ಆಗುವ ಮಾತಲ್ಲ. ಇಳಕಲ್ಲಿನಲ್ಲಿ ಟಾಂಗಾ ಕುದುರೆಗಳಿಗೆ ಜೀನು ಹೊಲಿಯುವ ಹುಸೇನಸಾಬ ಅಂತ ಇದ್ದಾರೆ. ಚಿತ್ರ ಬರೆದು ತೋರಿಸಿದೆ, ಹೊಲಿದುಕೊಡುತ್ತೇನೆ ಎಂದಿದ್ದಾರೆ. ಅದೇ ಚಿತ್ರದ ನಕಲು ಇದರ ಜೊತೆ ಇದೆ.

ನಿಮ್ಮಿಂದ ಎರಡು ವಿಷಯ ತಿಳಿಯಬೇಕು. ಕಾಳಪ್ಪನಿಗೆ ಪೆಟ್ಟು ಬಿದ್ದದ್ದು ತಲೆಯ ಯಾವ ಜಾಗಕ್ಕೆ, ಸರಿಯಾಗಿ ಎಲ್ಲಿ? ನಾನು ಅಂದು ಹತ್ತಿರ ಹೋಗಿ ನೋಡಿದವನಲ್ಲ. ಎರಡನೆಯದು, ನಿಮ್ಮ ಮನೆಯಲ್ಲಿ ಕಂಬಳಿ ನೇಯುತ್ತೀರಿ. ಅರಳೆಯ ಬದಲು ಉಣ್ಣೆ ತುಂಬಿದರೆ ಹೇಗೆ?

ಕಾಳಪ್ಪ ಹೇಗಿದ್ದಾನೆ ಎಂದು ಮೊದಲು ಕೇಳಬೇಕಿತ್ತು. ಕಡೆಗೆ ಕೇಳುತ್ತಿದ್ದೇನೆ.

ನಿಮ್ಮ
ಬಂಡೆಪ್ಪ


ಹುನಗುಂದ
2-7-1982

ಬಂಡೆಪ್ಪ ಮಾಸ್ತರ ಅವರಿಗೆ,

ಕಾಗದ ಮುಟ್ಟಿತು. ಒಲೆಗೆ ಹಾಕಲಿಲ್ಲ. ಬಾಲವಾಡಿಯ ಕೆಲಸದಲ್ಲಿ ಬರೆಯುವುದು ತಡವಾಯಿತು.

ಪೆಟ್ಟು ಬಿದ್ದದ್ದು ಎಡಗಿವಿಯ ಮೇಲೆ, ಕಿವಿಯಿಂದ ನಾಲ್ಕು ಬೆರಳು ಎತ್ತರಕ್ಕೆ, ತುಸು ಹಿಂದಕ್ಕೆ. ಈ ಕಾಗದ ಬರೆಯುವಾಗ ಮತ್ತೊಮ್ಮೆ ಬೆರಳಿಟ್ಟು ಅಳೆದೆ. ನಿಮ್ಮ ಚಿತ್ರದಲ್ಲಿ ಪಟ್ಟಿಗಳೆಲ್ಲ ನೆತ್ತಿಯ ಮೇಲಿವೆ, ಆ ಜಾಗ ಬರೀ ಬಯಲು. ಸೈಕಲ್ಲಿನಿಂದ ಬೀಳುವವನು ಅಡ್ಡಡ್ಡ ಬೀಳುತ್ತಾನೆ. ನೆತ್ತಿ ಊರಿ ಯಾರು ಬೀಳುತ್ತಾರೆ? ಸುತ್ತಲೂ ಒಂದು ದಪ್ಪ ಪಟ್ಟಿ ಹಾಕಿಸಿ, ನಮ್ಮ ಹೆಂಗಸರು ಕೊಡದ ಕೆಳಗೆ ಇಡುವ ಸಿಂಬಿಯ ಹಾಗೆ.

ಅರಳೆ ಬೇಡ. ಬೆವರು ಕುಡಿದು ಅಪ್ಪಚ್ಚಿಯಾಗುತ್ತದೆ. ಉಣ್ಣೆ ಒದ್ದೆಯಾದರೂ ಮತ್ತೆ ಪುಟಿಯುತ್ತದೆ. ಬಿಡಿ ಉಣ್ಣೆ ತುಂಬಬೇಡಿ, ಒಂದು ಕಡೆ ಸರಿದು ಗಂಟಾಗುತ್ತದೆ. ಹಳೆಯ ಕಂಬಳಿಯನ್ನು ಉದ್ದಕ್ಕೆ ಸೀಳಿ, ಬಿಗಿಯಾಗಿ ಸುತ್ತಿ, ನೂಲಿಗೆ ಹಚ್ಚುವ ಹುಣಸೆ ಬೀಜದ ಗಂಜಿಯನ್ನು ತೆಳ್ಳಗೆ ಬಳಿದು ಒಣಗಿಸಿ ಚರ್ಮದೊಳಗೆ ಸೇರಿಸಿದರೆ ನಿಂತ ಹಾಗೆ ನಿಲ್ಲುತ್ತದೆ.

ಕಾಳಪ್ಪನಿಗೆ ಈಗ ಇಪ್ಪತ್ತೊಂಬತ್ತು. ಉಣ್ಣುತ್ತಾನೆ, ತಿರುಗಾಡುತ್ತಾನೆ. ಬಲಗೈಯಲ್ಲಿ ಬಲ ಕಡಿಮೆ. ಮಾತು ಹುಡುಕಿ ಆಡುತ್ತಾನೆ. ಮಗ್ಗಕ್ಕೆ ಕೂಡಿಸಿದರೆ ಎಳೆಗಳ ಎಣಿಕೆ ತಪ್ಪುತ್ತದೆ, ಹೀಗಾಗಿ ಉಣ್ಣೆ ತೊಳೆಯುವ ಕೆಲಸ ಅವನದು. ರೇಸಿನ ದಿನ ಬೆಳಿಗ್ಗೆ ರೊಟ್ಟಿ ತಿಂದದ್ದು ನೆನಪಿದೆ, ಆಮೇಲಿನದು ಏನೂ ಇಲ್ಲ. “ಬಂಡ್ಯಾ ಯಾಕ ಬರವಲ್ಲ?” ಎಂದು ಮೊದಲೆರಡು ವರ್ಷ ಕೇಳುತ್ತಿದ್ದ. ಈಗ ಬಿಟ್ಟಿದ್ದಾನೆ.

ನಮ್ಮ ಅಪ್ಪ ಹೋದ ವರ್ಷ ತೀರಿಕೊಂಡ. ಆಡು ಅಡ್ಡ ಬಂದದ್ದರಿಂದ ಕಾಳಪ್ಪ ಬಿದ್ದನೆಂದು ನೀವು ಅಂದು ಹೇಳಿದಿರಲ್ಲ, ಅವನು ಬಿದ್ದ ಇಳಿಜಾರಿನ ಪಕ್ಕದ ಹಳ್ಳಿಯಲ್ಲಿ ಆಡು ಮೇಯಿಸುತ್ತಿದ್ದವನು ಮಲಕಪ್ಪ. ಅಪ್ಪ ಆಗ ಅವನ ಮನೆಯ ಮುಂದೆ ಹೋಗಿ ನಿಂತು ಮಣ್ಣು ತೂರಿ ಶಾಪ ಹಾಕಿ ಬಂದಿದ್ದ. ಅವರೂ ನಮ್ಮ ಹಾಗೆ ಬೀರಪ್ಪನ ಒಕ್ಕಲು. ಸಾಯುವ ದಿನವೂ ಅಪ್ಪನ ಬಾಯಲ್ಲಿ ಮಲಕಪ್ಪನದೇ ಹೆಸರಿತ್ತು.

ಇತಿ,
ರೇಣವ್ವ


ಬಾಗಲಕೋಟೆ
9-8-1982

ರೇಣಕ್ಕನವರಿಗೆ,

ನಿಮ್ಮ ಕಾಗದ ಹಿಡಿದುಕೊಂಡು ಇಳಕಲ್ಲಿಗೆ ಹೋಗಿ ಹುಸೇನಸಾಬರಿಗೆ ಓದಿ ಹೇಳಿದೆ. ಸಿಂಬಿಯ ಮಾತು ಕೇಳಿ ಅವರು ತಮ್ಮ ಹಣೆ ಬಡಿದುಕೊಂಡರು. “ಈ ಅಕ್ಕಾರು ನಮ್ಮ ಅಂಗಡ್ಯಾಗ ಇರಬೇಕಿತ್ತು ನೋಡ್ರಿ” ಎಂದರು.

ಮೂರು ಹೆಲ್ಮೆಟ್ ಹೊಲಿದು ಪರೀಕ್ಷೆ ಮಾಡಿದೆವು. “ಮಾಸ್ತರ, ನಿಮ್ಮ ತಲಿ ಒಡ್ಯಾಕ ಬರೂದಿಲ್ಲ, ಗಡಿಗಿ ಒಡ್ಯೂಣು” ಎಂದು ಹುಸೇನಸಾಬರು ಕುಂಬಾರರ ಓಣಿಯಿಂದ ಗಡಿಗೆ ತರಿಸಿದರು. ನೀರು ತುಂಬಿದ ಗಡಿಗೆಯನ್ನು ಅಂಗಡಿಯ ಕಟ್ಟೆಯಿಂದ ಕೆಳಗಿನ ಕೆಂಪು ಕಲ್ಲಿನ ಮೇಲೆ ಬಿಟ್ಟೆವು. ಬರಿಯ ಗಡಿಗೆ ಚೂರಾಯಿತು. ಅರಳೆ ಹೆಲ್ಮೆಟ್ ತೊಡಿಸಿದ್ದು ಬಿರುಕು ಬಿಟ್ಟು ಸೋರಿತು. ಕಂಬಳಿ ತುಂಬಿದ್ದು ಮೂರು ಸಲ ಬಿದ್ದರೂ ತಡೆಯಿತು, ನಾಲ್ಕನೆಯ ಸಲ ಒಡೆಯಿತು. ಅದರ ಮೇಲೆ ಹುಸೇನಸಾಬರು ಹೇಳಿದ್ದು: “ಲಾರಿಗೆ ಡಿಕ್ಕಿ ಹೊಡದ್ರ ಇದು ಉಳಸೂದಿಲ್ಲ, ಅಂಥಾ ಭರೋಸಾ ಯಾರಿಗೂ ಕೊಡಬ್ಯಾಡ್ರಿ. ಕಲ್ಲಿನ ಪೆಟ್ಟು ತಗ್ಗಸ್ತೈತಿ. ಒಮ್ಮೆ ಬಿದ್ದ ಟೊಪಗಿ ಮತ್ತ ಹಾಕಬಾರದು.”

ಉಳಿದ ಚರ್ಮದಲ್ಲಿ ಬೆರಳಿಲ್ಲದ ಅರ್ಧ ಕೈಗವಸುಗಳನ್ನೂ ಹೊಲಿಯುತ್ತಿದ್ದಾರೆ. ಬಿದ್ದವನು ಮೊದಲು ಊರುವುದು ಅಂಗೈಯನ್ನೇ.

ಸಂಘದ ಅಧ್ಯಕ್ಷರು ಅಮಾತೆಪ್ಪನವರು ನಕ್ಕುಬಿಟ್ಟರು. “ಏನ್ ಮಾಸ್ತರ, ರೇಸ್ ಹಚ್ಚಾಕತ್ತೀರೋ, ಕೂಸಿಗೆ ಕುಂಚಗಿ ಹೊಲಸಾಕತ್ತೀರೋ? ಗಂಡಸಾದಂವಾ ಬರೇ ತಲೀಲೇ ಬರ್ತಾನ” ಎಂದರು. ನಾನು ಪಟ್ಟು ಬಿಡಲಿಲ್ಲ. ಸದ್ಯಕ್ಕೆ ಒಪ್ಪಿದ್ದಾರೆ.

ಒಂದು ಹೆಲ್ಮೆಟ್ಟನ್ನು ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಳಿಸಿದ್ದೇನೆ. ಕಾಳಪ್ಪನ ತಲೆಗೆ ಇಟ್ಟು, ಆ ಜಾಗ ಮುಚ್ಚುತ್ತದೋ ಇಲ್ಲವೋ ನೋಡಿ ತಿಳಿಸಿರಿ.

ನಿಮ್ಮ
ಬಂಡೆಪ್ಪ


ಹುನಗುಂದ
24-8-1982

ಬಂಡೆಪ್ಪ ಮಾಸ್ತರ ಅವರಿಗೆ,

ಮುಚ್ಚುತ್ತದೆ.

ಇಟ್ಟು ನೋಡಿದ ಮೇಲೆ ಕಾಳಪ್ಪ ತೆಗೆಯಲು ಬಿಡಲಿಲ್ಲ. ಉಣ್ಣುವಾಗಲೂ ಅದೇ, ಉಣ್ಣೆ ತೊಳೆಯುವಾಗಲೂ ಅದೇ. ಮೂರನೆಯ ದಿನ ನಾನು ಬಾಲವಾಡಿಗೆ ಹೋದಾಗ ಮಗ್ಗದ ಕೋಣೆಯ ತೊಲೆಗೆ ತೂಗುಹಾಕಿದ್ದ ಅವನ ಸೈಕಲ್ಲನ್ನು ಇಳಿಸಿದ್ದಾನೆ. ಪಕ್ಕದ ಮನೆಯ ರಂಗವ್ವನ ಕಡೆಯಿಂದ ಗಾಳಿ ಹಾಕುವ ಪಂಪು ಇಸಿದುಕೊಂಡಿದ್ದಾನೆ. ಅವ್ವ ಬಾಗಿಲಿಗೆ ಅಡ್ಡ ನಿಂತಿದ್ದಳಂತೆ. “ಟೊಪಗಿ ಐತೆಲ್ಲಬೇ” ಎಂದನಂತೆ. ಆರು ವರ್ಷದಲ್ಲಿ ಅವನು ತಡವರಿಸದೆ ಆಡಿದ ಮಾತು ಅದೊಂದೇ ಎಂದು ಅವ್ವ ಹೇಳುತ್ತಾಳೆ, ಹೀಗಾಗಿ ದಾರಿ ಬಿಟ್ಟಳು.

ಓಣಿಯ ತುದಿಯವರೆಗೆ ಚೆನ್ನಾಗಿ ಹೋದ. ತಿರುಗುವಾಗ ಬಲಗೈ ಹಿಡಿತ ತಪ್ಪಿ ಎಡಕ್ಕೆ ಬಿದ್ದ. ತಲೆ ಬಸವಣ್ಣನ ಕಟ್ಟೆಯ ಮೂಲೆಗಲ್ಲಿಗೆ ಬಡಿಯಿತು. ಸಪ್ಪಳ ಕೇಳಿ ಮಂದಿ ಮನೆಗಳಿಂದ ಹೊರಗೆ ಬಂದರು. ನಾನು ಓಡಿ ಬರುವಷ್ಟರಲ್ಲಿ ಎದ್ದು ಕೂತು ಮೊಣಕೈಗೆ ಉಫ್ ಎಂದು ಊದಿಕೊಳ್ಳುತ್ತಿದ್ದ. ಮೊಣಕೈ ತರಚಿದೆ, ಮೊಣಕಾಲು ಬಾತಿದೆ. ತಲೆಯಲ್ಲಿ ಒಂದು ಬುಗುಟೆಯೂ ಇಲ್ಲ. ಸುತ್ತಿನ ಪಟ್ಟಿ ಹರಿದು ಒಳಗಿನ ಕಂಬಳಿ ಹೊರಗೆ ಬಂದಿದೆ. ಹರಿದದ್ದು ಅದೇ ಜಾಗದಲ್ಲಿ.

ಅಂದು ನಾನು ಅಡುಗೆ ಮಾಡಲಿಲ್ಲ.

ಇನ್ನೊಂದು ಮಾತು. ನಾನು ಕೇಳಿದ್ದಕ್ಕೂ ಕೇಳದೆ ಇದ್ದದ್ದಕ್ಕೂ ನೀವು ಸಾಲುಹಿಡಿದು ಉತ್ತರ ಬರೆದಿದ್ದೀರಿ. ಗಡಿಗೆ ಎಷ್ಟು ಸಲ ಬಿತ್ತು ಎಂಬುದನ್ನೂ ಬಿಟ್ಟಿಲ್ಲ. ಅಪ್ಪ ಸತ್ತದ್ದಕ್ಕೆ ಒಂದು ಮಾತಿಲ್ಲ. ಮಲಕಪ್ಪನ ಆಡಿನ ಬಗ್ಗೆ ಒಂದು ಅಕ್ಷರವಿಲ್ಲ. ಯಾಕೆ?

ರೇಣವ್ವ


ಬಾಗಲಕೋಟೆ
8-9-1982

ರೇಣಕ್ಕ,

ಆಡು ಇರಲಿಲ್ಲ.

ಅಮೀನಗಡ ದಾಟಿ ನಾಲ್ಕು ಮೈಲಿಗೆ ಇಳಿಜಾರು ಬರುತ್ತದೆ. ಅಲ್ಲಿಗೆ ನಾವಿಬ್ಬರೇ ಮುಂದೆ ಉಳಿದಿದ್ದೆವು, ಹಿಂದಿನವರು ಕಣ್ಣಿಗೆ ಬೀಳುತ್ತಿರಲಿಲ್ಲ. ಕಾಳಪ್ಪ ನನಗಿಂತ ಅರ್ಧ ಗಾಲಿ ಮುಂದಿದ್ದ. ಇಳಿಜಾರಿನ ಬುಡದ ಮೋರಿಯ ಹತ್ತಿರ ರಸ್ತೆ ಸಣ್ಣದಾಗುತ್ತದೆ. ಅದಕ್ಕೆ ಮೊದಲು ಅವನನ್ನು ಹಿಂದೆ ಹಾಕಬೇಕೆಂದು ಬಲಕ್ಕೆ ನುಗ್ಗಿದೆ. ಪೂರ್ತಿ ದಾಟುವ ಮೊದಲೇ ಎಡಕ್ಕೆ ಹೊರಳಿಸಿದೆ. ಹೊರಳಿಸಬಾರದೆಂದು ನನಗೆ ಗೊತ್ತಿತ್ತು. ನನ್ನ ಹಿಂದಿನ ಗಾಲಿ ಅವನ ಮುಂದಿನ ಗಾಲಿಗೆ ಬಡಿಯಿತು. ಅವನು ಮೋರಿಯ ಕಲ್ಲಿನ ಮೇಲೆ ಬಿದ್ದ ಸಪ್ಪಳ ಕೇಳಿಸಿತು. ಒಮ್ಮೆ ತಿರುಗಿ ನೋಡಿದೆ. ಅವನು ಅಲುಗಾಡುತ್ತಿರಲಿಲ್ಲ. ನಾನು ನಿಲ್ಲಲಿಲ್ಲ. ಉಳಿದ ಹದಿನೈದು ಮೈಲಿ ತುಳಿದುಕೊಂಡು ಬಂದು ಬಹುಮಾನದ ಢಾಲು ಗೆದ್ದೆ.

ಕೊರಳಿಗೆ ಹಾರ ಹಾಕಿದವರು “ಕಾಳಪ್ಪ ಎಲ್ಲಿ?” ಎಂದಾಗ ಬಾಯಿಗೆ ಬಂದದ್ದು ಆಡು. “ಸಣ್ಣ ಪೆಟ್ಟು, ಎದ್ದು ಬರ್ತಾನ” ಎಂದೂ ಹೇಳಿದೆ. ಹಿಂದೆ ಬಂದವರು ಅವನನ್ನು ಚಕ್ಕಡಿಯಲ್ಲಿ ಹಾಕಿ ಅಮೀನಗಡಕ್ಕೆ ಒಯ್ದದ್ದು ನನಗೆ ಸಂಜೆ ತಿಳಿಯಿತು. ದವಾಖಾನೆಯ ಬಾಗಿಲವರೆಗೆ ಬಂದೆ. ನಿಮ್ಮ ಅಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟು, “ನೀನರ ಗೆದ್ದೆಲ್ಲಪಾ” ಎಂದರು. ಆಮೇಲೆ ಬರಲು ಆಗಲಿಲ್ಲ.

ಮಲಕಪ್ಪನ ವಿಷಯ ನನಗೆ ನಿಮ್ಮ ಕಾಗದದಿಂದಲೇ ತಿಳಿದದ್ದು. ತಿಳಿದೂ ಎರಡು ತಿಂಗಳು ಸುಮ್ಮನಿದ್ದೆ. ಹೆಲ್ಮೆಟ್ ಮಾಡಿಸಿದರೆ ಇದನ್ನು ಹೇಳುವ ಪ್ರಸಂಗ ಬರಲಿಕ್ಕಿಲ್ಲ ಎಂದುಕೊಂಡಿದ್ದೆನೋ ಏನೋ.

ಬಂಡೆಪ್ಪ


ಹುನಗುಂದ
3-10-1982

ಬಂಡೆಪ್ಪಾ,

ನಿನ್ನ ಕಾಗದವನ್ನು ನಾನು ಅವ್ವನಿಗೆ ಓದಿ ಹೇಳಿದೆ. ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮರುದಿನ ಎದ್ದವಳು ಕೇಳಿದ್ದು ಒಂದೇ: “ಮಲಕಪ್ಪನ ಮನಿಗೆ ಯಾರು ಹೋಗ್ತೀರಿ?”

ನೀನು ಹೋಗು. ಮಣ್ಣು ತೂರಿದವರು ನಾವು, ತೂರಿಸಿದವನು ನೀನು. ಮೊದಲು ನೀನು ಹೋಗಿ ಬಾ, ಆಮೇಲೆ ನಾವು ಹೋಗುತ್ತೇವೆ. ಅವನ ಕಿವಿಯಲ್ಲಿ ಹೇಳಿ ಬರಬೇಡ. ಮಂದಿ ಕೇಳುವ ಹಾಗೆ ಹೇಳು.

ಕಾಳಪ್ಪನಿಗೂ ಹೇಳಿದೆ. ಅವನಿಂದ ಮುಚ್ಚಿಡುವುದು ನನಗೆ ಸರಿ ಕಾಣಲಿಲ್ಲ.

“ಬಂಡ್ಯಾ ಗೆದ್ದನೇನು?” ಎಂದ.

“ಗೆದ್ದ.”

“ನಾ... ನಾ ಮುಂದ ಇದ್ದೆನೇನು?”

“ಅರ್ಧ ಗಾಲಿ ಮುಂದ ಇದ್ದಿ.”

ಅವನಿಗೆ ಸಂತೋಷವಾಯಿತು ಬಂಡೆಪ್ಪಾ. ಅಂದು ಇಡೀ ದಿನ ಉಣ್ಣೆ ತೊಳೆಯುತ್ತ “ಅರ್ಧ ಗಾಲಿ, ಅರ್ಧ ಗಾಲಿ” ಎನ್ನುತ್ತಿದ್ದ. ಅವನಿಗೆ ಸಿಟ್ಟು ಬಂದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಹದಿನೆಂಟು ಹೆಲ್ಮೆಟ್ಟಿಗೆ ಆಗುವಷ್ಟು ಕಂಬಳಿ ಪಟ್ಟಿಗಳನ್ನು ಗಂಜಿ ಹಚ್ಚಿ ಒಣಗಿಸಿ ಹುಸೇನಸಾಬರಿಗೆ ಕಳಿಸಿದ್ದೇನೆ. ಅವು ನಿನಗಲ್ಲ, ರೇಸ್ ಹೊಡೆಯುವ ಮಕ್ಕಳಿಗೆ. ನೀನು ನಮ್ಮ ಮನೆಯ ಕಡೆ ಬರಬೇಡ.

ರೇಣವ್ವ


ಬಾಗಲಕೋಟೆ
18-10-1982

ರೇಣಕ್ಕ,

ಹೋದ ವಾರ ಭಾನುವಾರ ಮಲಕಪ್ಪನ ಹಳ್ಳಿಗೆ ಹೋಗಿದ್ದೆ. ಮಲಕಪ್ಪ ಊರಬಾಗಿಲ ಅಗಸೆಯ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತ ಕೂತಿದ್ದ. ಇನ್ನೂ ಐದಾರು ಮಂದಿ ಇದ್ದರು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಅವನು ಹಗ್ಗ ಹೊಸೆಯುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಹೇಳಿದ:

“ಆ ದಿನ ನನ್ನ ಆಡು ಹಳ್ಳದ ಆಚೆ ಇದ್ದೂ. ನನಗ ಗೊತ್ತಿತ್ತು. ಆದ್ರ ಆರು ವರ್ಷ ಮಂದಿ ಬಾಯಾಗ ಕೇಳಿ ಕೇಳಿ, ಒಂದು ಆಡು ತಪ್ಪಿಸ್ಕೊಂಡು ಹೋಗಿತ್ತೋ ಏನೋ ಅಂತ ನನಗ ಸುದ್ದಾ ಅನಸಾಕತ್ತಿತ್ತು. ಆ ವರ್ಷನ ಎಲ್ಲಾ ಆಡು ಮಾರಿದ್ನಿ.”

ಆಮೇಲೆ ಅವನೇ, “ಮಾಸ್ತರ, ಈಗ ಹೇಳಿದ್ದನ್ನ ಇನ್ನೊಮ್ಮೆ ಹೇಳ್ರಿ. ನನ್ನ ಹೆಂಡತಿ ಒಳಗದಾಳ, ಕರೀತೇನಿ” ಎಂದ. ಅವಳು ಬಂದಳು. ಇನ್ನೊಮ್ಮೆ ಹೇಳಿದೆ. ನೀರು ಕೊಟ್ಟರು. ಕುಡಿದು ಬಂದೆ.

ಸಂಘದಲ್ಲಿಯೂ ಹೇಳಿ, ಢಾಲು ತಿರುಗಿ ಕೊಟ್ಟೆ. ಅಮಾತೆಪ್ಪನವರು, “ಒಬ್ಬನ್ನ ಕೆಡವಿ ಓಡಿ ಬಂದಾಂವಾ ನಮಗ ಟೊಪಗಿ ಹಾಕೋರಿ ಅಂತ ಬುದ್ಧಿ ಹೇಳಾಕ ಬಂದಿಯೇನು?” ಎಂದರು. ಅವರ ಮಾತು ಸರಿಯೇ. ರೇಸಿನ ಕೆಲಸದಿಂದ ನನ್ನನ್ನು ತೆಗೆದರು, ಅದೂ ಸರಿಯೇ. ಆದರೆ ನನ್ನ ಜೊತೆಗೆ ಷರತ್ತನ್ನೂ ತೆಗೆದುಹಾಕಿದ್ದಾರೆ. ಬೇಕಾದವನು ಹಾಕಿಕೊಳ್ಳಲಿ, ಬೇಡವಾದವನು ಬಿಡಲಿ ಎಂದಾಗಿದೆ. ಒಬ್ಬ ಹಾಕದಿದ್ದರೆ ಯಾರೂ ಹಾಕುವುದಿಲ್ಲ. ಆ ವಯಸ್ಸಿನಲ್ಲಿ ನಾನೂ ಹಾಕುತ್ತಿರಲಿಲ್ಲ. ಹದಿನೆಂಟು ಹೆಲ್ಮೆಟ್ ಶಾಲೆಯ ಆಟದ ಸಾಮಾನಿನ ಕೋಣೆಯಲ್ಲಿ ಮೊಳೆಗೆ ನೇತಾಡುತ್ತಿವೆ.

ಬಂಡೆಪ್ಪ


ಹುನಗುಂದ
22-10-1982

ಬಂಡೆಪ್ಪಾ,

ನಿನ್ನ ತಪ್ಪಿಗೆ ಆ ಮಕ್ಕಳ ತಲೆ ಯಾಕೆ ಬರಿದಾಗಬೇಕು? ಸೋಮವಾರ ಕಾಳಪ್ಪನನ್ನು ಕರೆದುಕೊಂಡು ಬೆಳಗಿನ ಬಸ್ಸಿಗೆ ಬಾಗಲಕೋಟೆಗೆ ಬರುತ್ತೇನೆ. ಅಮಾತೆಪ್ಪನವರು ಎಲ್ಲಿ ಕೂಡುತ್ತಾರೆ, ಅಷ್ಟು ಬರೆದು ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಚೀಟಿ ಇಡು. ನೀನು ಅಲ್ಲಿ ಇರಬೇಡ.

ರೇಣವ್ವ


ಹುನಗುಂದ
5-11-1982

ಬಂಡೆಪ್ಪಾ,

ರೇಸಿನ ದಿನ ನೀನು ರಸ್ತೆಯ ಕಡೆ ಹಾಯಲೇ ಇಲ್ಲವೆಂದು ಹುಸೇನಸಾಬರು ಹೇಳಿದರು. ಹೀಗಾಗಿ ಆದದ್ದನ್ನು ನಾನೇ ಬರೆಯುತ್ತೇನೆ.

ಮೊದಲು ಅಮಾತೆಪ್ಪನವರ ವಿಷಯ. ಹರಿದ ಹೆಲ್ಮೆಟ್ಟನ್ನು ಅವರ ಮೇಜಿನ ಮೇಲಿಟ್ಟೆ. ಓಣಿಯಲ್ಲಿ ಬಿದ್ದದ್ದನ್ನು ಹೇಳಿದೆ. “ನೀನರ ಹೇಳಪಾ” ಎಂದು ಅವರು ಕಾಳಪ್ಪನ ಕಡೆ ತಿರುಗಿದರು. ಅವನಿಗೆ ಮಾತು ಸಿಗಲಿಲ್ಲ. ಬಾಯಿ ತೆರೆಯುತ್ತಾನೆ, ಮುಚ್ಚುತ್ತಾನೆ. ನಾನು ನಡುವೆ ಬಾಯಿ ಹಾಕಲಿಲ್ಲ. ಕಡೆಗೆ ಅವನು ಅಮಾತೆಪ್ಪನವರ ಕೈ ಹಿಡಿದೆಳೆದು ತನ್ನ ಎಡಗಿವಿಯ ಮೇಲೆ ಇಟ್ಟುಕೊಂಡ. ಅಲ್ಲಿ ಬುರುಡೆ ತಗ್ಗಾಗಿದೆ. ಅವರು ಕೈ ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಹೊರಗೆ ಕೂತವರಿಗೆ, “ಸಾಲ್ಯಾಗಿನ ಟೊಪಗಿ ತಗೊಂಡು ಬರ್ರಿ. ಹಾಕದಾಂವಗ ಚೀಟಿ ಇಲ್ಲ” ಎಂದು ಕೂಗಿ ಹೇಳಿದರು.

ರೇಸಿಗೆ ಹದಿನಾರು ಮಂದಿ ಬಂದಿದ್ದರು. ಇಬ್ಬರು ಬಕ್ಕಲ್ ಬಿಗಿಯದೆ ನಿಂತಿದ್ದರು, ಹುಸೇನಸಾಬರು ಹೋಗಿ ಗದ್ದ ಹಿಡಿದು ಬಿಗಿದರಂತೆ. ನಾನು, ಅವ್ವ, ಕಾಳಪ್ಪ ಮೂವರೂ ಮುಂಜಾನೆಯೇ ಮಲಕಪ್ಪನ ಹಳ್ಳಿಗೆ ಹೋಗಿದ್ದೆವು. ಅವರ ಮನೆಯಲ್ಲಿ ಆದ ಮಾತನ್ನು ಇಲ್ಲಿ ಬರೆಯುವುದಿಲ್ಲ. ಅವ್ವ ಅವನ ಹೆಂಡತಿಯ ಕೈ ಹಿಡಿದುಕೊಂಡು ಕೂತಿದ್ದಳು. ಮಲಕಪ್ಪನೇ ಒಂದು ಕೊಡ ನೀರು ಹೊತ್ತುಕೊಂಡು, “ನಡೀರಿ, ಮೋರಿ ಹತ್ರ ನಿಂದರೂಣು, ಹುಡುಗರಿಗೆ ನೀರಡಿಕಿ ಆಗಿರ್ತೈತಿ” ಎಂದ.

ಮೊದಲ ನಾಲ್ಕು ಮಂದಿ ಗಾಳಿಯ ಹಾಗೆ ಇಳಿದು ಹೋದರು. ಐದನೆಯವನು ಬಾದಾಮಿಯ ಕಾಲೇಜು ಹುಡುಗ, ಸಂಗಯ್ಯ ಅಂತ. ಉಸುಕಿನ ಮೇಲೆ ಅವನ ಗಾಲಿ ಜಾರಿತು. ಮೋರಿಯ ಗೋಡೆಗೆ ತಲೆ ಬಡಿದು, ಹೊರಳಿ ರಸ್ತೆಯ ಮೇಲೆ ಅಂಗಾತ ಬಿದ್ದ. ನಾನು ಕಣ್ಣು ಮುಚ್ಚಿಕೊಂಡೆ.

ತೆರೆದಾಗ ಇಬ್ಬರು ಅವನ ಹತ್ತಿರ ಇದ್ದರು. ಹಿಂದೆ ಬರುತ್ತಿದ್ದ ಆರನೆಯವನು ಸೈಕಲ್ ಬಿಸಾಕಿ ನಿಂತಿದ್ದ. ಇನ್ನೊಬ್ಬ ಕಾಳಪ್ಪ. ಅವನು ಅಷ್ಟು ಬೇಗ ಓಡಿದ್ದನ್ನು ನಾನು ಆರು ವರ್ಷದಲ್ಲಿ ನೋಡಿರಲಿಲ್ಲ. ಮಲಕಪ್ಪ ನೀರು ತಂದ. ಸಂಗಯ್ಯನ ಅಂಗೈ ಸುಲಿದಿರಲಿಲ್ಲ, ಚರ್ಮದ ಕೈಗವಸು ಸುಲಿದಿತ್ತು. ಮೊಣಕಾಲಿನಿಂದ ರಕ್ತ ಬರುತ್ತಿತ್ತು. ಕಾಳಪ್ಪ ಎಡಗೈಯಿಂದ ಅವನ ಗದ್ದದ ಬಕ್ಕಲ್ ಬಿಚ್ಚಿ, ಹೆಲ್ಮೆಟ್ ತೆಗೆದು, ತಲೆಯನ್ನೆಲ್ಲ ಮುಟ್ಟಿ ಮುಟ್ಟಿ ನೋಡಿದ. ಆಮೇಲೆ ಅವನ ಮುಖದ ಹತ್ತಿರ ಬಾಗಿ, ನಿಧಾನವಾಗಿ ಕೇಳಿದ:

“ಇವತ್ತ... ಯಾವ ವಾರ?”

ಆ ವರ್ಷ ಅಮೀನಗಡದಿಂದ ಒಯ್ದ ಮೇಲೆ ಹುಬ್ಬಳ್ಳಿಯ ದವಾಖಾನೆಯಲ್ಲಿ ದೊಡ್ಡ ಡಾಕ್ಟರರು ಮೂರು ತಿಂಗಳು, ದಿನಾ ಬೆಳಿಗ್ಗೆ ಮಂಚದ ಹತ್ತಿರ ನಿಂತು ಕಾಳಪ್ಪನನ್ನು ಕೇಳುತ್ತಿದ್ದದ್ದು ಇದೇ ಪ್ರಶ್ನೆ. ಒಂದು ದಿನವೂ ಅವನಿಗೆ ಉತ್ತರ ಬಂದಿರಲಿಲ್ಲ. ನಾನು ಮಂಚದ ಈಚೆ ನಿಂತು, ಹೇಳಪಾ ಹೇಳಪಾ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

“ಸೋಮಾರ” ಎಂದ ಸಂಗಯ್ಯ, ಇದೇನು ಕೇಳುತ್ತಾನೆ ಎನ್ನುವ ಹಾಗೆ. “ಯಾಕ್ರಿ?”

ಕಾಳಪ್ಪ ಎದ್ದು ನಿಂತು ನನ್ನ ಕಡೆ ತಿರುಗಿದ. ಅವನ ಮುಖ ಹೇಗಿತ್ತೆಂದು ನನಗೆ ಬರೆಯಲು ಬರುವುದಿಲ್ಲ. ರಸ್ತೆಯ ಆ ಕಡೆಯಿಂದಲೇ ಕೂಗಿ ಹೇಳಿದ:

“ಅಕ್ಕಾ, ಇಂವಗ ವಾರ ಗೊತ್ತೈತಿ!”

ರೇಣವ್ವ